ಕ್ರಿಕೆಟ್ ಗೇಮ್‌ಗೆ ಗಿರಾಕಿ ಇದ್ದಾರೆ, ಭರಮಸಾಗರಕ್ಕೆ ಬಂದು ನೋಡಿ

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಕುಳಿತು ಗೇಮ್ ತಯಾರಿಸುತ್ತಿರುವ ಎಲ್ಲ ಗೆಳೆಯರಿಗೆ ಭರಮಸಾಗರದಿಂದ ಈ ಪತ್ರ.

ಚಿತ್ರದುರ್ಗ ದಾಟಿ ದಾವಣಗೆರೆ ಕಡೆ ಹೊರಟರೆ ಹೆದ್ದಾರಿಯಲ್ಲಿ ಸಿಗುವ ಊರು ನಮ್ಮದು. ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಕಂಪ್ಯೂಟರ್ ಸೆಂಟರ್ ಇದೆ. ಈಗ ಅಲ್ಲಿ ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಜೆರಾಕ್ಸ್ ಹೊಡೆಯುವುದೇ ಹೆಚ್ಚು. 2005ರಲ್ಲಿ ಬಾಗಿಲು ತೆರೆದಾಗ ನಾಲ್ಕು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಯುಪಿಎಸ್ ಇದ್ದವು. ಆಗಿನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಹುಡುಗರು. ಅವರು ಬರುತ್ತಿದ್ದದ್ದು ಕ್ರಿಕೆಟ್ ಆಡಲಿಕ್ಕೆ.

ಅವರಲ್ಲೊಬ್ಬ ಈಗ ನಿಮ್ಮಲ್ಲೊಬ್ಬನಾಗಿದ್ದಾನೆ. ಯುಗಾದಿ ಹಬ್ಬಕ್ಕೆ ಊರಿಗೆ ಬಂದವನು ಅಂಗಡಿಗೂ ಬಂದ. ಮಾತಿನ ನಡುವೆ, "ಅಣ್ಣ, ಒಂದು ಒಳ್ಳೆ ಕ್ರಿಕೆಟ್ ಸಿಮ್ಯುಲೇಶನ್ ಗೇಮ್ ಮಾಡಬೇಕು ಅಂತ ನಾವು ಮೂರ್ನಾಲ್ಕು ಜನ ಎರಡು ವರ್ಷದಿಂದ ಒದ್ದಾಡ್ತಿದೀವಿ. ಅದಕ್ಕೆ ಮಾರ್ಕೆಟ್ ಎಲ್ಲಿದೆ ಅಂತ ಕೇಳ್ತಾರಣ್ಣ ದುಡ್ಡು ಹಾಕೋರು," ಎಂದ. ಅವತ್ತು ಹಬ್ಬದ ಗಡಿಬಿಡಿಯಲ್ಲಿ ಅವನಿಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಇದು ಆ ಉತ್ತರ. ಅವನೊಬ್ಬನಿಗೇ ಕೊಟ್ಟರೆ ಸಾಲದು ಅನ್ನಿಸಿ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಒಂದು ಹಳೆಯ ಲೆಕ್ಕದ ಪುಸ್ತಕವಿದೆ. ಉದ್ದಕ್ಕೆ ಗೆರೆ ಎಳೆದು ಟೈಪಿಂಗ್, ನೆಟ್, ಪ್ರಿಂಟ್, ಗೇಮ್ ಎಂದು ನಾಲ್ಕು ಕಾಲಂ ಮಾಡಿದ್ದೆ. ಗೇಮ್‌ಗೆ ಗಂಟೆಗೆ 15 ರೂಪಾಯಿ. ಏಪ್ರಿಲ್, ಮೇ ಬಂತೆಂದರೆ ಗೇಮ್ ಕಾಲಂ ಉಳಿದ ಮೂರನ್ನೂ ಮೀರಿಸುತ್ತಿತ್ತು. ಆ ಹುಡುಗರ ಕೈಯಲ್ಲಿ ದುಡ್ಡು ಎಷ್ಟಿರುತ್ತಿತ್ತು ಎಂಬುದು ನನಗೆ ಗೊತ್ತು. ಶೇಂಗಾ ಬಿಡಿಸಲು ಹೋದ ಕೂಲಿ, ಈರುಳ್ಳಿ ಲೋಡಿಗೆ ಕೈ ಹಚ್ಚಿದ್ದಕ್ಕೆ ಸಿಕ್ಕ ಚಿಲ್ಲರೆ, ಅಜ್ಜಿ ಸೆರಗಿನ ಗಂಟು ಬಿಚ್ಚಿ ಕೊಟ್ಟ ಹತ್ತರ ನೋಟು. ಅದನ್ನು ತಂದು ಕ್ರಿಕೆಟ್ ಗೇಮಿಗೆ ಹಾಕುತ್ತಿದ್ದರು. ನಮ್ಮ ಕಡೆಯವರು ಗೇಮ್‌ಗೆ ದುಡ್ಡು ಬಿಚ್ಚುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಆ ಪುಸ್ತಕ ತೆಗೆದು ತೋರಿಸುತ್ತೇನೆ.

ಆ ಗೇಮ್ ಯಾವುದೆಂದು ನಿಮಗೆ ಹೇಳಬೇಕಿಲ್ಲ. 2006ರ ನವೆಂಬರಿನಲ್ಲಿ ಇಎ ಸ್ಪೋರ್ಟ್ಸ್ ಬಿಡುಗಡೆ ಮಾಡಿದ ಕ್ರಿಕೆಟ್ 07. ಅದನ್ನು ತಯಾರಿಸಿದ್ದು ಕ್ರಿಕೆಟ್ ಅಷ್ಟಾಗಿ ಇಲ್ಲದ ಕೆನಡಾ ದೇಶದ ಎಚ್‌ಬಿ ಸ್ಟುಡಿಯೋಸ್. ಒಳಗೆ ರಿಚಿ ಬೆನೊ, ಮಾರ್ಕ್ ನಿಕೊಲಸ್ ಅವರ ಇಂಗ್ಲಿಷ್ ಕಾಮೆಂಟರಿ. ನಮ್ಮ ಹುಡುಗರಿಗೆ ಅದು ಅರ್ಥವಾಗುತ್ತಿರಲಿಲ್ಲ, ಆದರೂ ಬೆನೊ ಯಾವ ಹೊಡೆತಕ್ಕೆ ಏನು ಹೇಳುತ್ತಾರೆಂಬುದು ಅವರಿಗೆ ಬಾಯಿಪಾಠ.

ಒಂದು ದಿನದ ಸಂಗತಿ ಹೇಳಬೇಕು. 2007ರ ಮಾರ್ಚ್ 23, ಶುಕ್ರವಾರ. ಪೋರ್ಟ್ ಆಫ್ ಸ್ಪೇನ್‌ನಲ್ಲಿ ಶ್ರೀಲಂಕಾ ಎದುರು ಭಾರತ 255 ರನ್ ಹೊಡೆಯಬೇಕಿತ್ತು. ಸಚಿನ್ ಸೊನ್ನೆಗೆ ಔಟ್, ಧೋನಿಯೂ ಸೊನ್ನೆಗೆ ಔಟ್. ನಾಯಕ ದ್ರಾವಿಡ್ ಒಬ್ಬರೇ 60 ಹೊಡೆದು ನಿಂತು ನೋಡಿದರು. 185ಕ್ಕೆ ಎಲ್ಲ ಮುಗಿದು ವಿಶ್ವಕಪ್ ಆಸೆಯೂ ಮುಗಿದಾಗ ನಮ್ಮಲ್ಲಿ ಸರಿರಾತ್ರಿ ದಾಟಿ ಎಷ್ಟೋ ಹೊತ್ತಾಗಿತ್ತು. ಮರುದಿನ ಶನಿವಾರ, ಬೆಳಗಿನ ಶಾಲೆ ಮುಗಿಸಿ ಐದು ಹುಡುಗರು ನೇರ ಅಂಗಡಿಗೆ ಬಂದರು. ಯಾರ ಮುಖದಲ್ಲೂ ನಿದ್ದೆ ಇರಲಿಲ್ಲ. ಎಲ್ಲರ ಚಿಲ್ಲರೆ ಕೂಡಿಸಿ ಮೇಜಿನ ಮೇಲೆ ಇಟ್ಟು, "ಅಣ್ಣ, ಮೂರು ಗಂಟೆ ಬಿಡಣ್ಣ, ಆ ಮ್ಯಾಚ್ ತಿರುಗಿ ಆಡ್ತೀವಿ," ಎಂದರು. ಭಾರತಕ್ಕೆ ಮೊದಲು ಬ್ಯಾಟಿಂಗ್ ತೆಗೆದುಕೊಂಡು, 255 ಮುಟ್ಟಿದರೆ ಗೆದ್ದಂತೆ ಎಂದು ತಮ್ಮಲ್ಲೇ ಮಾತಾಡಿಕೊಂಡರು. ಸಿಕ್ಸರ್‌ಗೆ ಕೈ ಹಾಕಬಾರದು, ಮುರಳಿಯ ಓವರುಗಳನ್ನು ಒಂದೊಂದೇ ರನ್ ತೆಗೆದು ದಾಟಿಸಬೇಕು ಎಂಬ ಕಟ್ಟಪ್ಪಣೆ ಬೇರೆ. ಒಬ್ಬ ಆಡುತ್ತಿದ್ದ, ನಾಲ್ವರು ಅವನ ಭುಜದ ಮೇಲೆ. ಸ್ಕೋರ್ 231 ಆಗಿದ್ದಾಗ ಕರೆಂಟ್ ಹೋಯಿತು. ಯುಪಿಎಸ್ ಕೀಂ ಕೀಂ ಎನ್ನತೊಡಗಿತು. ಅದಕ್ಕೆ ಐದು ನಿಮಿಷದ ಉಸಿರು ಮಾತ್ರ. "ಸೇವ್ ಮಾಡಲೇ, ಸೇವ್ ಮಾಡಲೇ" ಎಂದು ಅರಚಾಡಿ ಅಂತೂ ಸೇವ್ ಮಾಡಿದರು. ಸಂಜೆ ಆರಕ್ಕೆ ಕರೆಂಟ್ ಬಂತು, ಅಷ್ಟೂ ಹೊತ್ತು ಐವರೂ ಅಂಗಡಿಯ ಕಟ್ಟೆ ಬಿಟ್ಟು ಕದಲಿರಲಿಲ್ಲ. ಗೆದ್ದರು. ಗೆದ್ದ ಮೇಲೆ ಕುಣಿಯಲಿಲ್ಲ. ಒಬ್ಬ ಮಾತ್ರ, "ನಿನ್ನೆ ಹಿಂಗೇ ಆಡಬೇಕಿತ್ತು," ಎಂದ.

ಸಿಮ್ಯುಲೇಶನ್ ಗೇಮ್ ಏನನ್ನು ಮಾರುತ್ತದೆ ಎಂದು ನಿಮ್ಮನ್ನು ಯಾರಾದರೂ ಕೇಳಿದರೆ ಆ ಹುಡುಗನ ಮಾತು ಹೇಳಿ. ಸಿಕ್ಸರ್ ಹೊಡೆಯುವ ಖುಷಿ ಯಾವ ಗೇಮಿನಲ್ಲೂ ಸಿಗುತ್ತದೆ. "ಹಂಗಲ್ಲದೆ ಹಿಂಗಾಗಿದ್ದರೆ?" ಎಂದು ಕ್ರಿಕೆಟ್ ನೋಡುವ ಪ್ರತಿಯೊಬ್ಬನೂ ಕೇಳಿಕೊಳ್ಳುತ್ತಾನೆ, ಅದಕ್ಕೆ ನಂಬುವಂಥ ಉತ್ತರ ಕೊಡುವ ಆಟ ಬೇಕು. ಉತ್ತರ ನಂಬುವಂತಿರಬೇಕಾದರೆ ಒಳಗಿನ ಲೆಕ್ಕ ಸರಿ ಇರಬೇಕು.

ಈ ಲೆಕ್ಕದ ಹುಚ್ಚು ನಮಗೆ ಕಂಪ್ಯೂಟರ್ ಬರುವುದಕ್ಕೂ ಮೊದಲೇ ಹಿಡಿದಿತ್ತು. ನೀವೂ ಬುಕ್ ಕ್ರಿಕೆಟ್ ಆಡಿದವರೇ. ಪಠ್ಯಪುಸ್ತಕ ಸರಕ್ಕನೆ ತೆರೆದು ಎಡಗಡೆಯ ಪುಟಸಂಖ್ಯೆಯ ಕೊನೆಯ ಅಂಕಿ ನೋಡುವುದು. ಸೊನ್ನೆ ಬಂದರೆ ಔಟ್. 2, 4, 6, 8 ಬಂದರೆ ಅಷ್ಟು ರನ್. ಈಗ ಕುಳಿತು ಲೆಕ್ಕ ಹಾಕಿ. ಎಡಪುಟ ಯಾವಾಗಲೂ ಸಮಸಂಖ್ಯೆ. ಹಾಗಾಗಿ ಐದು ಸಲಕ್ಕೊಮ್ಮೆ ಸೊನ್ನೆ ಬರುತ್ತದೆ, ಉಳಿದ ನಾಲ್ಕು ಸಲ ಸರಾಸರಿ 5 ರನ್. ಅಂದರೆ ಒಂದು ವಿಕೆಟ್‌ಗೆ 20 ರನ್, ಹತ್ತು ವಿಕೆಟ್‌ಗೆ 200. ಐವತ್ತು ಎಸೆತದಲ್ಲಿ 200ಕ್ಕೆ ಆಲೌಟ್! ನಮ್ಮ ತರಗತಿಯ ಮ್ಯಾಚುಗಳೆಲ್ಲ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತಿದ್ದವು.

1996ರಲ್ಲಿ ದ್ರಾವಿಡ್ ಲಾರ್ಡ್ಸ್ ಅಂಗಳದಲ್ಲಿ ತಮ್ಮ ಮೊದಲ ಟೆಸ್ಟಿನಲ್ಲೇ 95 ಹೊಡೆದ ಮೇಲೆ ನಮಗೊಂದು ಸಂಕಟ ಶುರುವಾಯಿತು. ಬುಕ್ ಕ್ರಿಕೆಟ್‌ನಲ್ಲಿ ದ್ರಾವಿಡ್ಡೂ ಒಂದೇ, ಹನ್ನೊಂದನೆಯವನಾಗಿ ಬರುವ ವೆಂಕಟೇಶ್ ಪ್ರಸಾದೂ ಒಂದೇ. ಅದು ಅನ್ಯಾಯ ಎನ್ನಿಸಿತು. ಕೊನೆ ಬೆಂಚಿನಲ್ಲಿ ಕುಳಿತು ಹೊಸ ಕಾನೂನು ಮಾಡಿದೆವು: ದ್ರಾವಿಡ್ ಆಡುವಾಗ ಸೊನ್ನೆ ಬಂದರೆ ಪುಸ್ತಕವನ್ನು ಇನ್ನೊಮ್ಮೆ ತೆರೆಯಬೇಕು, ಮತ್ತೆ ಸೊನ್ನೆಯೇ ಬಂದರೆ ಮಾತ್ರ ಔಟ್. ಆಡಿ ನೋಡಿದರೆ ದ್ರಾವಿಡ್ ಔಟಾಗುವುದೇ ಇಲ್ಲ! ಐದೈದಲ ಇಪ್ಪತ್ತೈದು, 25 ಎಸೆತಕ್ಕೊಮ್ಮೆ ಔಟ್, ಎಸೆತಕ್ಕೆ ಸರಾಸರಿ 4.8 ರನ್, ಅಂದರೆ ಸರಾಸರಿ ಬರೋಬ್ಬರಿ 120. ಜಗಳಗಳಾದವು. ಆಮೇಲೆ ಕುಂಬ್ಳೆ ಬೌಲಿಂಗ್ ಮಾಡುವಾಗ ಎರಡನೇ ಅವಕಾಶ ಇಲ್ಲ ಎಂದು ತಿದ್ದುಪಡಿ ತಂದೆವು. ಸಿಮ್ಯುಲೇಶನ್ ಎಂಬ ಶಬ್ದ ನಮಗಾಗ ತಿಳಿಯದು, ಆದರೆ ನಾವು ಮಾಡುತ್ತಿದ್ದದ್ದು ಅದನ್ನೇ.

ನಿಜವಾದ ದ್ರಾವಿಡ್ ಟೆಸ್ಟ್‌ಗಳಲ್ಲಿ ಎದುರಿಸಿದ್ದು 31,258 ಎಸೆತ. ಜಗತ್ತಿನಲ್ಲಿ ಬೇರೆ ಯಾರೂ ಟೆಸ್ಟ್‌ನಲ್ಲಿ ಅಷ್ಟು ಎಸೆತ ಆಡಿಲ್ಲ. ಹೊಡೆದದ್ದು 13,288 ರನ್, ಔಟಾದದ್ದು 254 ಸಲ. ಭಾಗಿಸಿದರೆ 123 ಎಸೆತಕ್ಕೊಮ್ಮೆ ಔಟ್. ನೀವು ಮಾಡುವ ಗೇಮಿನಲ್ಲಿ ದ್ರಾವಿಡ್‌ರಂಥ ಒಬ್ಬ ಬ್ಯಾಟರ್ ಈ 123 ಎಸೆತವನ್ನು ಹೇಗೆ ಕಳೆಯುತ್ತಾನೆ? ಹೊಸ ಚೆಂಡಿಗೆ ಎಷ್ಟು ಬಿಡುತ್ತಾನೆ, ಊಟದ ಮೊದಲಿನ ಓವರಿನಲ್ಲಿ ಎಷ್ಟು ಎಚ್ಚರ, ಐದನೇ ದಿನ ಪಿಚ್ ಬಿರುಕು ಬಿಟ್ಟಾಗ ಆ 123 ಎಷ್ಟಕ್ಕೆ ಇಳಿಯುತ್ತದೆ? ಇದನ್ನು ಸರಿಯಾಗಿ ಕಟ್ಟಿಕೊಟ್ಟರೆ ನನ್ನ ಅಂಗಡಿಗೆ ಬರುತ್ತಿದ್ದ ಹುಡುಗರು ರಾತ್ರಿ ಪೂರ್ತಿ ಅದರ ಮುಂದೆ ಕೂರುತ್ತಾರೆ. ಅವರಿಗೆ ಚಿತ್ರ ಮಿರಮಿರ ಮಿಂಚಬೇಕೆಂದಿಲ್ಲ. ಕ್ರಿಕೆಟ್ 07 ನಿಂತುಹೋಗಿ ಹದಿನೆಂಟು ವರ್ಷದ ಮೇಲಾಯಿತು. ಇಎ ಕಂಪನಿ ಅದರ ನಂತರ ಇನ್ನೊಂದು ಕ್ರಿಕೆಟ್ ಗೇಮ್ ತರಲೇ ಇಲ್ಲ. ಆದರೂ ಅಭಿಮಾನಿಗಳು ಅದಕ್ಕೆ ಹೊಸ ತಂಡ, ಹೊಸ ಜೆರ್ಸಿ, ಹೊಸ ಐಪಿಎಲ್ ಸೇರಿಸುತ್ತಲೇ ಬಂದಿದ್ದಾರೆ. ನನ್ನಲ್ಲಿಗೆ ಬರುತ್ತಿದ್ದ ಪಕ್ಕದ ಹಳ್ಳಿಯ ಹುಡುಗನೊಬ್ಬ ಅದರೊಳಗಿನ ಆಸ್ಟ್ರೇಲಿಯಾದ ರಾಜ್ಯ ತಂಡವೊಂದನ್ನು ಬದಲಾಯಿಸಿ ಕರ್ನಾಟಕ ಮಾಡಿದ್ದ. ವಿನಯ್ ಕುಮಾರ್ ಹೆಸರನ್ನು ಮೊದಲು ಸೇರಿಸಿದ, ದಾವಣಗೆರೆಯವರು ಎಂಬ ಕಾರಣಕ್ಕೆ. ಒಂದು ಸರಕು ಸತ್ತ ಮೇಲೂ ಅದರ ಗಿರಾಕಿಗಳು ಕೂಡಿ ಅದನ್ನು ಇಷ್ಟು ವರ್ಷ ಉಸಿರಾಡಿಸುತ್ತಿದ್ದಾರೆಂದರೆ, ಮಾರ್ಕೆಟ್ ಇಲ್ಲ ಎನ್ನುವುದು ಹೇಗೆ?

ಇಲ್ಲಿ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನನ್ನ ಅಂಗಡಿಯಲ್ಲಿದ್ದ ಕ್ರಿಕೆಟ್ 07 ಕದ್ದ ಪ್ರತಿ. ದಾವಣಗೆರೆಯಲ್ಲಿ ನಲವತ್ತು ರೂಪಾಯಿಗೆ ಸಿಕ್ಕ ಡಿಸ್ಕ್. ಆ ಹುಡುಗರು ಕೊಟ್ಟ ಗಂಟೆಗೆ 15 ರೂಪಾಯಿಯಲ್ಲಿ ಗೇಮ್ ಮಾಡಿದವರಿಗೆ ಒಂದು ಪೈಸೆಯೂ ಹೋಗಲಿಲ್ಲ. ಅವತ್ತು ಅದು ಕಳ್ಳತನ ಅನ್ನಿಸಿರಲಿಲ್ಲ, ಇವತ್ತು ಅನ್ನಿಸುತ್ತದೆ. ನನ್ನಂಥ ಸಾವಿರಾರು ಅಂಗಡಿಗಳಿಂದಾಗಿಯೇ ಕಂಪನಿಗಳ ಲೆಕ್ಕದಲ್ಲಿ ಭಾರತ ಎಂಬ ಮಾರ್ಕೆಟ್ ಕಾಣಿಸಲೇ ಇಲ್ಲ. ಗಿರಾಕಿ ಇದ್ದ, ದುಡ್ಡೂ ಇತ್ತು, ಅದು ದಾರಿಯಲ್ಲಿ ನಮ್ಮ ಗಲ್ಲಾಪೆಟ್ಟಿಗೆಗೆ ಬಿತ್ತು. ಆಗ ನ್ಯಾಯವಾಗಿ ಕೊಳ್ಳಬೇಕೆಂದರೂ ನಮ್ಮೂರಲ್ಲಿ ಅಸಲಿ ಡಿಸ್ಕ್ ಮಾರುವವರು ಇರಲಿಲ್ಲ, ಆನ್‌ಲೈನಿನಲ್ಲಿ ಕೊಳ್ಳಲು ಯಾರ ಹತ್ತಿರವೂ ಕಾರ್ಡ್ ಇರಲಿಲ್ಲ. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ಜಿಯೋ ಬಂದು ಡೇಟಾ ಅಗ್ಗವಾಯಿತು. ಈಗ ನಮ್ಮ ಸಂತೆಯಲ್ಲಿ ಕೊತ್ತಂಬರಿ ಸೊಪ್ಪಿನ ಅಜ್ಜಿಯ ಮುಂದೆಯೂ ಕ್ಯೂಆರ್ ಕೋಡ್ ಇದೆ. ಹತ್ತು ರೂಪಾಯಿ ಕೊಡುವುದಕ್ಕೂ ದಾರಿ ಆಗಿದೆ. ಹಳೆಯ ಲೆಕ್ಕ ಹಿಡಿದು ಇವತ್ತಿನ ಮಾರ್ಕೆಟ್ ಅಳೆಯಬೇಡಿ ಎಂದು ದುಡ್ಡು ಹಾಕುವವರಿಗೆ ಹೇಳಿ.

ಇಎ ಬಿಟ್ಟ ಜಾಗದಲ್ಲಿ ಆಮೇಲೆ ಯಾರ್ಯಾರು ಬಂದರು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮೆಲ್ಬರ್ನಿನ ಬಿಗ್ ಆ್ಯಂಟ್ ಸ್ಟುಡಿಯೋಸ್ 2014ರ ಡಾನ್ ಬ್ರಾಡ್‌ಮನ್ ಕ್ರಿಕೆಟ್‌ನಿಂದ ಶುರುಮಾಡಿ ಇವತ್ತಿಗೂ ಬಿಟ್ಟಿಲ್ಲ. ಮಾರ್ಕೆಟ್ ಇಲ್ಲದಿದ್ದರೆ ಇಷ್ಟು ವರ್ಷ ಒಂದು ಕಂಪನಿ ಕ್ರಿಕೆಟ್ ಗೇಮಿಗೆ ಜೋತುಬೀಳುತ್ತಿರಲಿಲ್ಲ. ಅರೆಬೆಂದ ಅಡುಗೆ ಬಡಿಸಿದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ: 2013ರ ಆ್ಯಶಸ್ ಕ್ರಿಕೆಟ್ ಗೇಮ್ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ವಾಪಸು ತೆಗೆದುಕೊಂಡು ಕೊಂಡವರಿಗೆ ದುಡ್ಡು ತಿರುಗಿ ಕೊಡಬೇಕಾಯಿತು. ಮೊಬೈಲಿನಲ್ಲಿ ಚೆನ್ನೈನ ನೆಕ್ಸ್ಟ್‌ವೇವ್‌ನವರ ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್, ನಾಟಿಲಸ್‌ನವರ ರಿಯಲ್ ಕ್ರಿಕೆಟ್ ಕೋಟಿಗಟ್ಟಲೆ ಜನರ ಕೈಗೆ ಹೋದವು. 2025ರಲ್ಲಿ ಆ ನಾಟಿಲಸ್ ಅನ್ನು ಕೊರಿಯಾದ ಕ್ರಾಫ್ಟನ್ ಹಿಡಿತಕ್ಕೆ ತೆಗೆದುಕೊಂಡಿತು. ಹೊರಗಿನವರಿಗೆ ಕಂಡ ಮಾರ್ಕೆಟ್ ನಮ್ಮವರಿಗೆ ಕಾಣುತ್ತಿಲ್ಲವಲ್ಲ ಎಂಬುದೇ ನನ್ನ ನೋವು. ಚೆನ್ನೈ ಮಾಡಿತು, ಹೈದರಾಬಾದ್ ಹಿಟ್‌ವಿಕೆಟ್ ಎಂಬ ಗೇಮ್ ಮಾಡಿತು. ವಿಶ್ವನಾಥ್, ಚಂದ್ರಶೇಖರ್, ಪ್ರಸನ್ನರಿಂದ ಹಿಡಿದು ದ್ರಾವಿಡ್, ಕುಂಬ್ಳೆ, ಶ್ರೀನಾಥ್‌ವರೆಗೆ ಆಟಗಾರರನ್ನು ಕೊಟ್ಟ, ಜಗತ್ತಿಗೆಲ್ಲ ಸಾಫ್ಟ್‌ವೇರ್ ಬರೆದುಕೊಡುವ ನಮ್ಮ ನಾಡಿನಿಂದ ಮನೆಮಾತಾದ ಒಂದು ಕ್ರಿಕೆಟ್ ಗೇಮ್ ಬರಲಿಲ್ಲ.

ನಿಮ್ಮ ಕೈಯಲ್ಲಿ ಕಸುಬಿಲ್ಲವೇ? ಇದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಶುರುಮಾಡಿದ ಧ್ರುವ ಇಂಟರಾಕ್ಟಿವ್ ಈ ದೇಶದ ಗೇಮ್ ಉದ್ಯಮಕ್ಕೆ ಅಡಿಗಲ್ಲು. ಹೊರದೇಶದ ದೊಡ್ಡ ಆಟಗಳಿಗೆ ಬೇಕಾದ ಕಾರು, ಕಟ್ಟಡ, ಮನುಷ್ಯರ ರೂಪಗಳನ್ನು ಅಲ್ಲಿಯ ಕಲಾವಿದರು ಮಾಡಿಕೊಟ್ಟರು. 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡಿತು. ಗೇಮ್ ಮತ್ತು ಅನಿಮೇಷನ್‌ಗೆಂದೇ ದೇಶದಲ್ಲಿ ಮೊದಲು ನೀತಿ ತಂದದ್ದೂ ಕರ್ನಾಟಕವೇ, 2012ರಲ್ಲಿ. ಈಗ ನಡೆಯುತ್ತಿರುವುದು 2024ರಿಂದ 29ರವರೆಗಿನ ಮೂರನೆಯದು. ಬೇರೆಯವರ ಹೊಲದಲ್ಲಿ ಇಷ್ಟು ವರ್ಷ ಉತ್ತ ಮೇಲೆ ನಮ್ಮದೇ ಹೊಲದಲ್ಲಿ ಒಂದು ಸಾಲಾದರೂ ಬಿತ್ತಬೇಡವೇ?

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಮೊಬೈಲ್ ಬಂದ ಮೇಲೆ ನನ್ನ ಗೇಮ್ ಕಾಲಂ ಖಾಲಿಯಾಯಿತು. ಅದೇ ಹುಡುಗರು ದುಡ್ಡು ಕಟ್ಟಿ ತಂಡ ಆರಿಸುವ ಆ್ಯಪ್‌ಗಳಿಗೆ ಹೋದರು. ನನ್ನ ಕಣ್ಣೆದುರೇ ಒಬ್ಬ ಬೈಕು ಮಾರಿದ. ಆ ಆ್ಯಪಿನ ಹೆಸರು ಇಲ್ಲಿ ಬೇಡ. ಆದರೆ ಆ ಹುಡುಗನ ತಲೆ ಎಂಥದು ಗೊತ್ತೇ? ಯಾವ ಮೈದಾನದಲ್ಲಿ ಎರಡನೇ ಇನಿಂಗ್ಸ್‌ಗೆ ಇಬ್ಬನಿ ಬೀಳುತ್ತದೆ, ಯಾವ ಎಡಗೈ ಸ್ಪಿನ್ನರ್‌ಗೆ ಯಾರು ಔಟಾಗುತ್ತಾರೆ, ಎಲ್ಲ ನಾಲಿಗೆ ತುದಿಯಲ್ಲಿ. 2025ರ ಆಗಸ್ಟಿನಲ್ಲಿ ಕೇಂದ್ರದ ಹೊಸ ಕಾಯ್ದೆ ಬಂದು ದುಡ್ಡು ಕಟ್ಟುವ ಆನ್‌ಲೈನ್ ಆಟಗಳಿಗೆ ತಡೆ ಬಿತ್ತು. ನಮ್ಮೂರಿನ ಎಷ್ಟೋ ತಾಯಂದಿರು ನಿಟ್ಟುಸಿರು ಬಿಟ್ಟರು. ಆದರೆ ಆ ತಿಳಿವಳಿಕೆ ಎಲ್ಲಿಗೆ ಹೋಗಬೇಕು? ಅದಕ್ಕೊಂದು ಒಳ್ಳೆಯ ಅಂಗಳ ಬೇಕಲ್ಲವೇ? ತಂಡ ಕಟ್ಟಿ, ಎಳೆಯರನ್ನು ಬೆಳೆಸಿ, ಯಾರನ್ನು ಯಾವಾಗ ಬೌಲಿಂಗಿಗೆ ಇಳಿಸಬೇಕೆಂದು ತಲೆ ಕೆಡಿಸಿಕೊಂಡು ಹತ್ತು ಸೀಸನ್ ನಡೆಸುವ ಆಟ. ಜೂಜಿಲ್ಲ, ಒಮ್ಮೆ ಕೊಂಡರೆ ಮುಗಿಯಿತು. ಆ ಹುಡುಗನೇ ನಿಮ್ಮ ಗಿರಾಕಿ.

ಇಂಥದ್ದನ್ನು ಬೇರೆ ಆಟಗಳಲ್ಲಿ ಮಾಡಿದ್ದಾರೆ. ಇಂಗ್ಲೆಂಡಿನ ಪಾಲ್ ಮತ್ತು ಆಲಿವರ್ ಕಾಲ್ಯರ್ ಎಂಬ ಅಣ್ಣತಮ್ಮಂದಿರು ಮನೆಯಲ್ಲಿ ಕುಳಿತು ಬರೆದ ಚಾಂಪಿಯನ್‌ಶಿಪ್ ಮ್ಯಾನೇಜರ್ ಎಂಬ ಫುಟ್‌ಬಾಲ್ ಆಟ 1992ರಲ್ಲಿ ಹೊರಬಂತು, ಮುಂದೆ ಅದೇ ಫುಟ್‌ಬಾಲ್ ಮ್ಯಾನೇಜರ್ ಆಯಿತು. ಇವತ್ತು ಆ ಆಟಕ್ಕಾಗಿ ಸಾವಿರಕ್ಕೂ ಹೆಚ್ಚು ಜನ ಊರೂರಿನ ಆಟಗಾರರನ್ನು ನೋಡಿ ಅಂಕ ಕೊಡುತ್ತಾರೆ, 2008ರಲ್ಲಿ ಎವರ್ಟನ್ ಕ್ಲಬ್ಬೇ ಆ ಮಾಹಿತಿ ಬಳಸಲು ಒಪ್ಪಂದ ಮಾಡಿಕೊಂಡಿತು. ಬೇಸ್‌ಬಾಲ್‌ಗೆ ಅಂಥ ಆಟ ಮಾಡಿದ್ದು ಮಾರ್ಕಸ್ ಹೈನ್‌ಸನ್ ಎಂಬ ಜರ್ಮನಿಯವರು. ಕ್ರಿಕೆಟ್‌ಗೂ ಇಂಗ್ಲೆಂಡಿನ ಇಂಟರ್‌ನ್ಯಾಷನಲ್ ಕ್ರಿಕೆಟ್ ಕ್ಯಾಪ್ಟನ್ 1998ರಿಂದ ಇದೆ. ಅದರಲ್ಲಿ ನಮ್ಮ ಕೆರೆಯಂಗಳದ ಕ್ರಿಕೆಟ್ ಇಲ್ಲ, ಅಷ್ಟೇ.

ಹಾಗೆಂದು ಹತ್ತು ಕೋಟಿ ಜನ ಕೊಳ್ಳುತ್ತಾರೆಂದು ನಾನು ಹೇಳುತ್ತಿಲ್ಲ. ಅಂಗಡಿಯವನ ಲೆಕ್ಕ ಹೇಳುತ್ತೇನೆ. ಬೆಲೆ 150 ರೂಪಾಯಿ ಇಡಿ. ಎರಡು ಮಸಾಲೆ ದೋಸೆ, ಎರಡು ಕಾಫಿಯ ಬೆಲೆ. ಒಂದು ಲಕ್ಷ ಜನ ಕೊಂಡರೆ ಒಂದೂವರೆ ಕೋಟಿ. ಅದರಲ್ಲಿ ಶೇ 18 ಜಿಎಸ್‌ಟಿ ಕಳೆದು, ಆನ್‌ಲೈನ್ ಅಂಗಡಿಯವರ ಪಾಲು ಶೇ 30 ಕಳೆದರೂ ಸುಮಾರು 89 ಲಕ್ಷ ಕೈಗೆ ಬರುತ್ತದೆ. ಐದಾರು ಜನರ ತಂಡವೊಂದು ಒಂದೂವರೆ ವರ್ಷ ಮರ್ಯಾದೆಯಿಂದ ದುಡಿಯಲು ಅಷ್ಟು ಸಾಕು. ಒಂದು ಲಕ್ಷ ಎಲ್ಲಿಂದ ತರುವುದು? ರಾಜ್ಯದಲ್ಲಿ ಸುಮಾರು 240 ತಾಲ್ಲೂಕುಗಳಿವೆ. ತಾಲ್ಲೂಕಿಗೆ ನಾನೂರು ಚಿಲ್ಲರೆ ಜನ. ಭರಮಸಾಗರ ಹೋಬಳಿಯಿಂದಲೇ ನೂರು ಜನರನ್ನು ನಾನು ಹೆಸರು ಹಿಡಿದು ಕರೆದು ಕೂರಿಸಬಲ್ಲೆ.

ಆಟ ಹಳೆಯ ಲ್ಯಾಪ್‌ಟಾಪಿನಲ್ಲಿ, ಎಂಟು ಸಾವಿರದ ಫೋನಿನಲ್ಲಿ ಓಡಬೇಕು, ನೆಟ್ ಇಲ್ಲದಿದ್ದರೂ ನಡೆಯಬೇಕು. ಓವರಿಗೊಂದು ಜಾಹೀರಾತು ಬೇಡ. ದೊಡ್ಡ ಆಟಗಾರರ ಹೆಸರಿನ ಹಕ್ಕು ಕೊಳ್ಳಲು ಕೋಟಿ ಸುರಿಯಬೇಡಿ. ಹಕ್ಕಿಲ್ಲದೆ ಹೆಸರಿನ ಅಕ್ಷರ ಕೆಡಿಸಿ ಹಾಕಿದ ಎಷ್ಟೋ ಆಟಗಳನ್ನು ನಾವು ಹಿಂದೆ ಆಡಿದ್ದೇವೆ. ಜಾಗ ಖಾಲಿ ಬಿಡಿ, ನಾವೇ ತುಂಬಿಕೊಳ್ಳುತ್ತೇವೆ. ಬಿಗ್ ಆ್ಯಂಟ್‌ನವರ ಆಟದಲ್ಲಿ ಆಡುವವರೇ ಆಟಗಾರರನ್ನು ಮಾಡಿ ಹಂಚಿಕೊಳ್ಳುತ್ತಾರೆ. ಕಾಮೆಂಟರಿ ಕನ್ನಡದಲ್ಲಿ ಇರಲಿ. ಧ್ವನಿ ದುಬಾರಿಯಾದರೆ ಬರಹದಲ್ಲಾದರೂ ಕೊಡಿ, "ಬ್ಯಾಟಿನ ಅಂಚು ಸವರಿ ಕೀಪರ್ ಕೈಗೆ" ಎಂದು ಓದಿದರೂ ನಮಗೆ ಎದೆ ಝಲ್ಲೆನ್ನುತ್ತದೆ. ಟೆನಿಸ್ ಬಾಲ್ ಕ್ರಿಕೆಟ್ ಮರೆಯಬೇಡಿ. ಅದರ ಲೆಕ್ಕವೇ ಬೇರೆ: ಚೆಂಡು ಹಗುರ, ಮಣ್ಣಿನ ಮೇಲೆ ಏಳುವ ರೀತಿ ಬೇರೆ, ಹನ್ನೆರಡು ಅಡಿ ದೂರದ ಬೇಲಿಯೂ ಒಂದು ಬೌಂಡರಿ.

ಚಿತ್ರದುರ್ಗದ ಪಾಳೆಯಗಾರ ಭರಮಣ್ಣ ನಾಯಕ ಕಟ್ಟಿಸಿದ ನಮ್ಮ ಕೆರೆ ವರ್ಷಗಟ್ಟಲೆ ಒಣಗಿತ್ತು. ಅದರ ಅಂಗಳವೇ ನಮ್ಮ ಸ್ಟೇಡಿಯಂ ಆಗಿತ್ತು. 2021ರಲ್ಲಿ ತುಂಗಭದ್ರೆಯ ನೀರು ಪೈಪಿನಲ್ಲಿ ಬಂದು ಕೆರೆ ತುಂಬತೊಡಗಿದಾಗ ಪಿಚ್ ಮುಳುಗಿತು. ಮುಳುಗುವುದನ್ನು ನೋಡಲು ಆಟಗಾರರೇ ಏರಿಯ ಮೇಲೆ ನಿಂತು ಶಿಳ್ಳೆ ಹಾಕಿದರು. ಆ ಅಂಗಳದಲ್ಲಿ ನಡೆದ ಹನ್ನೊಂದು ವರ್ಷಗಳ ಟೂರ್ನಿಗಳ ಸ್ಕೋರ್ ಪುಸ್ತಕಗಳು ನನ್ನ ಅಂಗಡಿಯ ಕಪಾಟಿನಲ್ಲಿವೆ. ಪ್ರತಿ ಎಸೆತವೂ ಬರೆದಿದೆ: ಚುಕ್ಕೆ, ಒಂದು, ನಾಲ್ಕು, ವೈಡ್, ಔಟ್. ಅಲ್ಲಲ್ಲಿ ಮಳೆ ಹನಿ ಬಿದ್ದು ಶಾಯಿ ಹರಡಿದೆ, ಓದಲು ಬರುತ್ತದೆ. ನಿಮ್ಮ ಲೆಕ್ಕಕ್ಕೆ ಬೇಕಾದರೆ ಬನ್ನಿ. ದಾವಣಗೆರೆ ಬಸ್ ಹತ್ತಿ, ಭರಮಸಾಗರದಲ್ಲಿ ನಿಲ್ಲುತ್ತದೆಯೇ ಎಂದು ಕಂಡಕ್ಟರನ್ನು ಮೊದಲೇ ಕೇಳಿಕೊಳ್ಳಿ. ಸ್ಕ್ಯಾನ್ ಮಾಡುವ ಕೆಲಸ ನನ್ನದು, ದುಡ್ಡು ಬೇಡ. ಗೇಮ್ ಹೊರಬಂದ ದಿನ ಮೊದಲ ಪ್ರತಿಗೆ 150 ರೂಪಾಯಿ ಕೊಡುವವನೂ ನಾನೇ.

ಇಂತಿ,
ಭರಮಸಾಗರ ಬಸ್ ಸ್ಟ್ಯಾಂಡ್ ಪಕ್ಕದ ಕಂಪ್ಯೂಟರ್ ಸೆಂಟರಿನವನು